ಹನ್ನೆರಡನೆಯ ಪಟ್ಟಿ

ಹೋದ ತಿಂಗಳು, ನನ್ನ ಸೇವಾ ಪುಸ್ತಕದಲ್ಲಿ ಒಂದು ಸಹಿ ಬಿಟ್ಟುಹೋಗಿದೆ ಎಂದು ಮಾಗಡಿಯಿಂದ ರಾಮನಗರಕ್ಕೆ ಹೋಗಬೇಕಾಯಿತು. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಬೀದಿಯ ಕಡೆಯಿಂದ ಆ ವಾಸನೆ ಬಂತು. ರೇಷ್ಮೆ ಗೂಡು ಬೆಂದು, ಗೂಡಿನೊಳಗಿನ ಹುಳು ಬೆಂದು, ಆ ನೀರು ಚರಂಡಿಗೆ ಬಿದ್ದು ಏಳುವ ವಾಸನೆ. ಹೊಸಬರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನಾನು ಬೈರಾಪಟ್ಟಣದವನು, ಹುಳು ಸಾಕಿದ ಮನೆಯಲ್ಲೇ ಹುಟ್ಟಿ ಬೆಳೆದವನು, ನನಗೇನೂ ಅನ್ನಿಸುವುದಿಲ್ಲ. ಆದರೂ ಅವತ್ತು ರಸ್ತೆ ಮಧ್ಯೆ ನಿಂತುಬಿಟ್ಟೆ. ಆಟೋದವನು ಹಾರ್ನ್ ಹೊಡೆದು ಬೈದ. ಒಂದು ಬೇಸಿಗೆ ನೆನಪಾಗಿ ಮುಖ ಬಿಸಿಯಾಗಿತ್ತು.

ಆಗ ನಾನು ಆ ಊರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಯಾವ ಕಾಲೇಜು ಅಂತ ಹೇಳುವುದಿಲ್ಲ, ಕೇಳಲೂಬೇಡಿ. ಹುಡುಗರಿಗೆ ನಾನು ‘ಲೈಬ್ರರಿ ಸಾರ್’. ಸ್ವಭಾವದಲ್ಲಿ ಶುದ್ಧ ಅನುಮಾನದ ಪ್ರಾಣಿ. ವಾಪಸ್ ಬಂದ ಪುಸ್ತಕವನ್ನು ಕೊಟ್ಟವನ ಎದುರೇ ಹಾಳೆ ಹಾಳೆ ತಿರುವಿ ನೋಡಿ ಆಮೇಲೆ ಕಾರ್ಡು ಕೊಡುತ್ತಿದ್ದೆ. “ದೇವಸ್ಥಾನದಲ್ಲಿ ಪ್ರಸಾದ ಕೊಟ್ಟರೂ ಮೂಸಿ ನೋಡ್ತೀರಲ್ರೀ” ಎಂದು ನನ್ನ ಹೆಂಡತಿ ತವರಿನವರ ಮುಂದೆಯೇ ಅಂದಿದ್ದಾಳೆ. ಲೈಬ್ರರಿಯ ಅಟೆಂಡರ್ ಪುಟ್ಟಸ್ವಾಮಿ, ಕಬ್ಬಾಳಿನ ಕಡೆಯವನು, ನನಗಿಂತ ಹಿರಿಯ, ಬಾಯಿ ಜೋರು. “ನೀವು ಪೊಲೀಸ್ ಡಿಪಾರ್ಟ್‌ಮೆಂಟ್‌ಗೆ ಓಗ್ಬೇಕಿತ್ತು ಸಾ, ತಪ್ಪಿ ಇಲ್ಲಿಗೆ ಬಂದ್ಬುಟ್ರಿ” ಅನ್ನುತ್ತಿದ್ದ. ನನಗೆ ಅದು ಬೈಗುಳ ಅನ್ನಿಸುತ್ತಿರಲಿಲ್ಲ. ಒಳಗೊಳಗೇ ಖುಷಿಯಾಗುತ್ತಿತ್ತು.

ಆ ವರ್ಷ ನಮ್ಮ ಲೈಬ್ರರಿಗೆ ಡೇಟಾಬೇಸ್ ಬಂತು. ದೇಶವಿದೇಶದ ಸಂಶೋಧನಾ ಲೇಖನಗಳನ್ನು ಕಂಪ್ಯೂಟರಿನಲ್ಲೇ ಹುಡುಕಿ ಓದಬಹುದು. ಅದಕ್ಕೊಂದು ಪಾಸ್‌ವರ್ಡ್. ಪ್ರಿನ್ಸಿಪಾಲರು ಚೀಟಿಯಲ್ಲಿ ಬರೆದುಕೊಟ್ಟು, “ಹುಡುಗರಿಗೆಲ್ಲ ಹೇಳಿಬಿಡಿ” ಅಂದರು. ನಾನು ಹೇಳಲಿಲ್ಲ. ಚೀಟಿಯನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡೆ. ಇವತ್ತು ಹೇಳಿದರೆ ನಾಳೆ ಅದು ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ಗೋಡೆ ಮೇಲಿರುತ್ತದೆ ಎಂದು ನನಗೆ ಖಾತ್ರಿಯಿತ್ತು. ಬೇಕಾದವರು ಚೀಟಿಯಲ್ಲಿ ವಿಷಯ ಬರೆದುಕೊಡಲಿ, ನಾನೇ ಹುಡುಕಿ ಪ್ರಿಂಟ್ ಕೊಡುತ್ತೇನೆ ಎಂದು ಬೋರ್ಡು ಹಾಕಿದೆ.

ಎಂ.ಎ. ಅರ್ಥಶಾಸ್ತ್ರದ ಕೊನೆಯ ವರ್ಷದಲ್ಲಿ ಹನ್ನೆರಡು ಜನರಿದ್ದರು. ಎಲ್ಲರೂ ಪ್ರಾಜೆಕ್ಟ್ ಬರೆಯಬೇಕು. ಅವರ ವಿಭಾಗದ ಮುಖ್ಯಸ್ಥರು, ಎಲ್ಲರೂ ಎಚ್‌ಒಡಿ ಅಂತಲೇ ಕರೆಯುತ್ತಿದ್ದವರು, ಆ ಸಲ ಎಲ್ಲರಿಗೂ ನಮ್ಮ ಕಡೆಯ ರೇಷ್ಮೆಯನ್ನೇ ವಿಷಯವಾಗಿ ಕೊಟ್ಟು ಪಾಲು ಹಂಚಿದ್ದರು. ಒಬ್ಬನಿಗೆ ಹಿಪ್ಪುನೇರಳೆ ತೋಟ, ಒಬ್ಬಳಿಗೆ ಮಾರುಕಟ್ಟೆ, ಇನ್ನೊಬ್ಬನಿಗೆ ಕೂಲಿ, ಹೀಗೆ. ಹುಡುಗರು ಚೀಟಿ ತಂದರು. ಮೊದಲ ಚೀಟಿಯಲ್ಲಿದ್ದ ಉದ್ದನೆಯ ಶೀರ್ಷಿಕೆಯನ್ನು ಇದ್ದ ಹಾಗೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಒತ್ತಿದೆ. ಏನೂ ಬರಲಿಲ್ಲ. ಒಂದೊಂದೇ ಪದ ತೆಗೆಯುತ್ತಾ ಬಂದು ಕೊನೆಗೆ ‘ಸಿಲ್ಕ್’, ‘ಕರ್ನಾಟಕ’ ಎಂದು ಎರಡೇ ಪದ ಉಳಿಸಿದಾಗ ಸಾವಿರಗಟ್ಟಲೆ ಬಂದು ಸುರಿಯಿತು. ಮೇಲಿನ ಐದನ್ನು ಪ್ರಿಂಟ್ ತೆಗೆದೆ. ಮೇಲೆ ಬಂದಿದೆ ಅಂದರೆ ಒಳ್ಳೆಯದೇ ಇರಬೇಕು! ಮಿಕ್ಕವರಿಗೂ ಅದೇ ಐದರ ಪ್ರತಿ. ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಂಡು ಕಾಫಿ ಕುಡಿದೆ.

ಮೇ ತಿಂಗಳು. ಹೆದ್ದಾರಿಯ ಎರಡೂ ಬದಿ ಮಾವಿನ ಲೋಡುಗಳು, ಲೈಬ್ರರಿಯ ಮೇಲೆ ಶೀಟಿನ ಚಾವಣಿ, ಹನ್ನೊಂದು ಗಂಟೆಗೇ ಒಳಗೆ ಕೂತವರು ಬೇಯುತ್ತಿದ್ದರು. ಪ್ರಾಜೆಕ್ಟುಗಳ ಕರಡು ನನ್ನ ಮೇಜಿಗೆ ಬಂತು. ಹಿಂದಿನ ಪುಟದ ಗ್ರಂಥಋಣದ ಪಟ್ಟಿ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ಪಾಲಿನ ಕೆಲಸ. ಹನ್ನೊಂದಕ್ಕೆ ಒಂದೇ ಉಸಿರಿನಲ್ಲಿ ಸಹಿ ಹಾಕಿದೆ. ಎಲ್ಲದರಲ್ಲೂ ನಾನು ಕೊಟ್ಟ ಐದೇ ಲೇಖನ. ಹನ್ನೆರಡನೆಯದನ್ನು ತೆರೆದೆ. ನಲವತ್ತಕ್ಕೂ ಹೆಚ್ಚು! ಹಳೆಯ ಸರ್ಕಾರಿ ವರದಿಗಳು, ಬೇರೆ ಬೇರೆ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು, ನಾನು ಹೆಸರೂ ಕೇಳದ ವೈದ್ಯಕೀಯ ಪತ್ರಿಕೆಗಳು. ನಾನು ಕೊಟ್ಟ ಐದರಲ್ಲಿ ಒಂದೂ ಇಲ್ಲ. ನನ್ನ ಕಿವಿ ನೆಟ್ಟಗಾಯಿತು.

ಹುಡುಗಿಯ ಹೆಸರು ರುಬೀನಾ. ರೀಲಿಂಗ್ ಬೀದಿಯವಳು, ತಂದೆ ನಯಾಜ್ ಗೂಡು ಕೊಂಡು ನೂಲು ತೆಗೆಸುವ ರೀಲರು. ಅವಳ ಪಾಲಿಗೆ ಬಂದ ವಿಷಯ ರೀಲಿಂಗ್ ಮನೆಗಳಲ್ಲಿ ದುಡಿಯುವ ಹೆಂಗಸರ ಆರೋಗ್ಯ. ಮಾತು ಕಮ್ಮಿ. ಮೂಲೆಯ ಮೇಜಿನಲ್ಲಿ ಕೂತು, ಏನೋ ಬರೆದುಕೊಂಡು, ಎದ್ದು ಹೋಗುತ್ತಿದ್ದಳು. ನನ್ನ ಹತ್ತಿರ ಚೀಟಿ ತಂದದ್ದು ಒಂದೇ ಸಲ. ಆಮೇಲೆ ಬರಲೇ ಇಲ್ಲ. ಹಾಗಾದರೆ ಇಷ್ಟೆಲ್ಲ ಎಲ್ಲಿಂದ ಬಂತು? ಒಂದೋ ಪಾಸ್‌ವರ್ಡ್ ಕದ್ದಿದ್ದಾಳೆ, ಇಲ್ಲವೋ ಬೆಂಗಳೂರಿನಲ್ಲಿ ಯಾರೋ ಬರೆದುಕೊಟ್ಟಿದ್ದಾರೆ. ಮೂರನೆಯ ದಾರಿ ನನಗೆ ಹೊಳೆಯಲೇ ಇಲ್ಲ.

ಪಾಸ್‌ವರ್ಡ್ ಬದಲಾಯಿಸಿದೆ. ಮುಂದಿನ ವಾರ ಅವಳ ಪಟ್ಟಿಗೆ ಇನ್ನೂ ಮೂರು ಸೇರಿತು. ಬಾಗಿಲಲ್ಲಿ ಅವಳ ಬ್ಯಾಗು ತೆಗೆಸಿ ನೋಡಿದೆ. ಊಟದ ಡಬ್ಬಿ, ಒಂದು ಉದ್ದನೆಯ ನೋಟ್‌ಬುಕ್ಕು, ಅಷ್ಟೇ. ನನ್ನ ಪಾಡಿಗೆ ನಾನೇ ತಲೆಗೆ ಹುಳ ಬಿಟ್ಟುಕೊಂಡೆ.

“ಸುಮ್ಕಿರಿ ಸಾ,” ಎಂದ ಪುಟ್ಟಸ್ವಾಮಿ. “ಆ ಎಣ್ಮಗ ಬಂದು ಕುಂತ್ರೆ ಫ್ಯಾನೂ ಆಕ್ಕೊಳಾಕಿಲ್ಲ, ಅಂಗೆ ಓದ್ತದೆ. ಅದ್ರ ಮ್ಯಾಲೆ ಯಾಕ್ ಕಣ್ಣು ನಿಮ್ಗೆ?”

“ಓದಿದರೆ ಗೊತ್ತಾಗ್ತಿರ್ಲಿಲ್ವೇನೋ ನಂಗೆ? ಏನೋ ಇದೆ ಪುಟ್ಟಸ್ವಾಮಿ, ಏನೋ ಇದೆ.”

“ಇರೋದು ನಿಮ್ ತಲ್ಯಾಗೆ. ಒಸಿ ತಣ್ಣೀರ್ ಆಕ್ಕೊಳಿ.”

ತಣ್ಣೀರು ಹಾಕಿಕೊಳ್ಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವಳ ತಂದೆಯನ್ನು ಹುಡುಕಿಕೊಂಡು ಗೂಡಿನ ಮಾರುಕಟ್ಟೆಗೆ ಹೋದೆ. ಬಾಯಿ ಬಿಡಿಸೋಣ ಅಂತ. ಉದ್ದುದ್ದ ಸಾಲಿನಲ್ಲಿ ತಟ್ಟೆಗಳು, ತಟ್ಟೆ ತುಂಬ ಗೂಡು, ಹರಾಜಿಗಿಟ್ಟ ಪ್ರತಿಯೊಂದು ರಾಶಿಗೂ, ಅಂದರೆ ಲಾಟಿಗೂ, ಒಂದೊಂದು ನಂಬರು. ನಯಾಜ್ ಸಾಹೇಬರು ನನ್ನನ್ನು ಕಂಡದ್ದೇ ಓಡಿ ಬಂದು ಎರಡೂ ಕೈ ಹಿಡಿದುಕೊಂಡರು.

“ಲೈಬ್ರರಿ ಸಾರಾ! ಅರೆ, ಬನ್ನಿ ಬನ್ನಿ. ಮಗಳು ನಿಮ್ ಇಸ್ಯ ಯೋಳ್ತಾನೇ ಇರ್ತಾಳೆ. ಪುಸ್ತಕ ಅಂದ್ರೆ ನಿಮ್ಗೆ ಪ್ರಾಣ ಅಂತೆ, ಒಂದ್ ಆಳೆನೂ ಅರಿಯಾಕ್ ಬುಡಲ್ವಂತೆ.”

ಚಹಾ ತರಿಸಿದರು. ಇದೇನು ಇಷ್ಟೊಂದು ಉಪಚಾರ ಎಂದು ಆ ಚಹಾದ ಮೇಲೂ ನನಗೆ ಅನುಮಾನ. ಮಾತು ನಡೆಯುತ್ತಲೇ ಅವರು ಒಂದು ತಟ್ಟೆಯ ಮುಂದೆ ಬಗ್ಗಿದರು. ಮೇಲೆ ಬೆಳ್ಳಗೆ, ಗಟ್ಟಿಯಾಗಿ, ಚೆಂದವಾಗಿದ್ದ ಗೂಡುಗಳನ್ನು ನೋಡಲೂ ಇಲ್ಲ. ಮೊಣಕೈವರೆಗೆ ತೋಳು ಇಳಿಸಿ ತಳದಿಂದ ಒಂದು ಹಿಡಿ ಎತ್ತಿದರು. ಕಲೆಯಾದವು, ತೆಳು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು.

“ನೋಡಿ ಸಾರ್. ಈಗ ಬಿಡ್ ಆಕೋದು ಫೋನ್‌ನಾಗೇ. ಆದ್ರೆ ಕೈ ಆಕೋದು ಕೈಲೇ. ಮ್ಯಾಲಿಂದು ಯಾವತ್ತೂ ಚೆಂದಾಗೇ ಇರ್ತದೆ.” ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಲಾಟಿನ ನಂಬರು, ಮೇಲೆ ಕಂಡದ್ದು, ತಳದಲ್ಲಿ ಸಿಕ್ಕಿದ್ದು, ಬೇಡ, ಎಂದು ಗೀಚಿಕೊಂಡರು. “ಬ್ಯಾಡ ಅಂತ ಬುಟ್ಟದ್ದೂ ಬರ್ಕಬೇಕು ಸಾರ್. ಇಲ್ದಿದ್ರೆ ಸಾಯಂಕಾಲ ತಿರ್ಗಾ ಅದೇ ತಟ್ಟೆಗೇ ಬತ್ತೀವಿ.”

ನನಗೆ ಕಸಿವಿಸಿಯಾಯಿತು. ಬೈರಾಪಟ್ಟಣದ ನಮ್ಮ ಮನೆಯಲ್ಲೂ ಗೂಡು ಬಿಡಿಸುವಾಗ ಒಳ್ಳೆಯದನ್ನೆಲ್ಲ ಮೇಲಕ್ಕೇ ಹಾಕುತ್ತಿದ್ದೆವು. ಎಲ್ಲರೂ ಹಾಗೇ ಮಾಡುತ್ತಿದ್ದರು, ಅದು ತಪ್ಪು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಮಾತು ಬದಲಾಯಿಸಿ, “ಮಗಳು ಮನೇಲಿ ಹೇಗೆ ಓದ್ತಾಳೆ? ಯಾರಾದರೂ ಸಹಾಯ ಮಾಡ್ತಾರಾ?” ಎಂದೆ.

“ನಮ್ಗೆಲ್ ಬತ್ತದೆ ಸಾರ್ ಇಂಗ್ಲೀಸು. ಟೆರೇಸ್ ಮ್ಯಾಲೆ ಫೋನ್ ಇಡ್ಕಂಡು ಕುಂತಿರ್ತಾಳೆ. ಯಾರ್‍ಯಾರೋ ದೊಡ್ಡೋರು ಮೇಲ್ ಕಳಿಸ್ತಾರಂತೆ.”

ಸಿಕ್ಕಿತಲ್ಲ! ಮನುಷ್ಯ ನಂಬಿ ಹೇಳಿದ್ದನ್ನು ನಾನು ಸಾಕ್ಷಿ ಅಂತ ಜೇಬಿಗೆ ಹಾಕಿಕೊಂಡು ಬಂದೆ. ಅವತ್ತೇ ಮಧ್ಯಾಹ್ನ ಎಚ್‌ಒಡಿಗೆ ಬರೆದುಕೊಟ್ಟೆ: ಈ ಪ್ರಾಜೆಕ್ಟ್ ವಿದ್ಯಾರ್ಥಿನಿಯ ಸ್ವಂತ ಕೆಲಸವೆಂದು ನಂಬಲು ಕಷ್ಟ, ಹೊರಗಿನವರು ಬರೆದುಕೊಟ್ಟಿರುವ ಸಂಶಯವಿದೆ. ಉಳಿದ ಹನ್ನೊಂದೂ ವಿಶ್ವವಿದ್ಯಾಲಯಕ್ಕೆ ಹೋದವು. ರುಬೀನಾಳದ್ದು ನಿಂತಿತು. ಕದ್ದದ್ದು ಎಂದು ತೀರ್ಮಾನವಾದರೆ ಅವಳ ವರ್ಷ ಹೋಗುತ್ತದೆ. ಪಿಎಚ್‌ಡಿ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದಳು, ಅದೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಳ್ಳಿ ಎಂಬ ಹೆಸರು ಆ ಬೀದಿಯವರೆಗೂ ಹೋಗುತ್ತದೆ. ಇದೆಲ್ಲ ಗೊತ್ತಿದ್ದೇ ಬರೆದೆ. ಕರ್ತವ್ಯ ಅಂದುಕೊಂಡೆ.

ವಿಚಾರಣೆ ಲೈಬ್ರರಿಯಲ್ಲೇ ನಡೆಯಿತು, ಕಂಪ್ಯೂಟರು ಅಲ್ಲೇ ಇತ್ತಲ್ಲ. ಎಚ್‌ಒಡಿ, ಇನ್ನಿಬ್ಬರು ಮೇಷ್ಟ್ರುಗಳು, ನಾನು. ರುಬೀನಾ ನಿಂತೇ ಇದ್ದಳು. ಪುಟ್ಟಸ್ವಾಮಿ ಯಾರೂ ಹೇಳದೆ ನೀರು ತಂದು ಅವಳ ಮುಂದಿಟ್ಟು, ನನ್ನ ಕಡೆ ನೋಡದೆ ಹೋದ.

“ಪಾಸ್‌ವರ್ಡ್ ಎಲ್ಲಿ ಸಿಕ್ತು?” ಎಂದೆ ನೇರವಾಗಿ.

“ಪಾಸ್‌ವರ್ಡ್ ಇಲ್ಲ ಸಾರ್. ದೇಶದ ಪಿಎಚ್‌ಡಿ ಪ್ರಬಂಧಗಳೆಲ್ಲ ಒಂದ್ ಕಡೆ ಇಟ್ಟವ್ರೆ, ಅದಕ್ಕೆ ಬೀಗ ಇಲ್ಲ. ಬೀಗ ಇದ್ದ ಲೇಖನಕ್ಕೆ ಬರೆದೋರಿಗೇ ಮೇಲ್ ಹಾಕಿದೆ. ಒಂಬತ್ತು ಜನಕ್ಕೆ ಹಾಕಿದ್ರೆ ಮೂರು ಜನ ಕಳಿಸಿದ್ರು.”

ಗ್ರಂಥಪಾಲಕನಾದ ನನಗೆ ಆ ಬೀಗವಿಲ್ಲದ ಬಾಗಿಲು ಗೊತ್ತಿರಲಿಲ್ಲ. ಆದರೆ ಸೋಲುವ ಜಾಯಮಾನ ನನ್ನದಲ್ಲ. “ಹಾಗಾದರೆ ಈಗ ನಮ್ಮೆದುರು ಹುಡುಕಿ ತೋರಿಸು. ರೇಷ್ಮೆ ಬೇಡ. ಚನ್ನಪಟ್ಟಣದ ಗೊಂಬೆ ಮಾಡೋರಿಗೆ ಏನೇನು ಕಾಯಿಲೆ ಬರ್ತದೆ, ಹುಡುಕು” ಎಂದೆ. ಓದಿಕೊಂಡು ಬಂದಿರಲಾರದ ಪ್ರಶ್ನೆ ಎಂದು ಮನಸ್ಸಿನಲ್ಲೇ ಬೀಗಿದೆ.

ಅವಳು ಕೀಬೋರ್ಡು ಮುಟ್ಟಲಿಲ್ಲ. ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆದಳು. ಯಾರು, ಯಾವ ಕೆಲಸ, ಯಾವ ಕಾಯಿಲೆ. ಒಂದೊಂದರ ಕೆಳಗೆ ಅದಕ್ಕಿರುವ ಬೇರೆ ಬೇರೆ ಮಾತುಗಳನ್ನು ಬರೆಯುತ್ತಾ ಹೋದಳು. “ಗೊಂಬೆ ಅಂತ ಹಾಕಿದ್ರೆ ಮಕ್ಕಳಾಟದ್ದು ಬರ್ತದೆ ಸಾರ್. ಡಾಕ್ಟ್ರುಗಳು ಬರೆದಿದ್ರೆ ಗೊಂಬೆ ಅನ್ನಲ್ಲ. ಮರದ ಧೂಳು ಅಂತಾರೆ, ಲೇತ್ ಅಂತಾರೆ, ಅರಗು ಅಂತಾರೆ.” ಒಂದೇ ಕಾಲಮ್ಮಿನ ಮಾತುಗಳ ನಡುವೆ ‘ಅಥವಾ’ ಹಾಕಿದಳು, ಯಾವುದು ಸಿಕ್ಕರೂ ಸರಿ ಅಂತ. ಕಾಲಮ್ಮಿನಿಂದ ಕಾಲಮ್ಮಿಗೆ ‘ಮತ್ತು’, ಮೂರೂ ಇರಲೇಬೇಕು ಅಂತ. ‘ಮರದ ಧೂಳು’ ಎರಡೂ ಪದ ಅಂಟಿಕೊಂಡೇ ಬರಲಿ ಎಂದು ಸುತ್ತ ಉದ್ಧರಣ ಚಿಹ್ನೆ. ಟೈಪ್ ಮಾಡಿದಳು. ಬಂದದ್ದು ಮೂವತ್ತೆಂಟು. ಮೇಲಿನ ನಾಲ್ಕರ ಮೇಲೆ ಕಣ್ಣಾಡಿಸಿ, ಬಿಟ್ಟು, ಸೀದಾ ಮೂರನೇ ಪುಟಕ್ಕೆ ಹೋದಳು.

“ಯಾಕಮ್ಮ, ಮೊದಲಿನವು ಬೇಡ್ವಾ?” ಎಂದರು ಎಚ್‌ಒಡಿ.

“ಅವು ಜನ ಜಾಸ್ತಿ ನೋಡಿದ್ವು ಸಾರ್. ಜಾಸ್ತಿ ನೋಡವ್ರೆ ಅಂತ ನಮ್ಮ ಕೆಲಸಕ್ಕೆ ಬರಬೇಕು ಅಂತೇನಿಲ್ಲ.”

ಒಂದು ಒಳ್ಳೆಯ ಲೇಖನ ಸಿಕ್ಕಿದ್ದೇ ಅದನ್ನು ಓದುವ ಬದಲು ಅದಕ್ಕೆ ಕೊಟ್ಟಿದ್ದ ವಿಷಯ ಪದಗಳನ್ನು ಎತ್ತಿಕೊಂಡು ಮತ್ತೆ ಹುಡುಕಿದಳು. ಆಮೇಲೆ ಅದರ ಕೊನೆಯ ಪುಟಕ್ಕೆ ಹೋಗಿ ಬರೆದವರು ಯಾರನ್ನು ಓದಿಕೊಂಡಿದ್ದಾರೆ ಎಂದು ನೋಡಿದಳು. ಆಮೇಲೆ ಈ ಲೇಖನವನ್ನು ಈಚೆಗೆ ಯಾರು ಬಳಸಿಕೊಂಡಿದ್ದಾರೆ ಎಂದು ನೋಡಿದಳು. ಅರ್ಧ ಗಂಟೆಯಲ್ಲಿ ಏಳು ಲೇಖನ ಮೇಜಿನ ಮೇಲಿತ್ತು. ಇಬ್ಬರು ಮೇಷ್ಟ್ರುಗಳು ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೆ ಹೋಗಿ ಕೂತಿದ್ದರು. ಒಬ್ಬರಂತೂ ತಮ್ಮ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಇಷ್ಟಾದರೂ ನಾನು ಬಿಡಲಿಲ್ಲ. “ಹುಡುಕೋದು ಬರ್ತದೆ, ಒಪ್ಪಿದೆ. ಪ್ರಾಜೆಕ್ಟಿಗೂ ಹೀಗೇ ಹುಡುಕಿದೆ ಅನ್ನೋದಕ್ಕೆ ಏನು ಗ್ಯಾರಂಟಿ?”

ಅವಳು ಬ್ಯಾಗಿನಿಂದ ಆ ಉದ್ದನೆಯ ನೋಟ್‌ಬುಕ್ಕು ತೆಗೆದು ನನ್ನ ಕೈಗೇ ಕೊಟ್ಟಳು.

ತೆರೆದೆ. ಪ್ರತಿ ಪುಟದಲ್ಲೂ ಒಂದೊಂದು ಹುಡುಕಾಟಕ್ಕೂ ಲಾಟು ನಂಬರು, ತಾರೀಖು, ಹಾಕಿದ ಪದಗಳು, ಎಷ್ಟು ಬಂತು, ಮೇಲೆ ಏನಿತ್ತು, ತಳದಲ್ಲಿ ಏನಿತ್ತು, ಬೇಕು ಅಥವಾ ಬೇಡ, ಯಾಕೆ. ವಿಚಾರಣೆಗೆ ಅಂತ ಒಂದೇ ಸಲ ಕೂತು ಬರೆದದ್ದಿರಬಹುದು ಎಂದು ಶಾಯಿ ನೋಡಿದೆ. ಮೂರು ನಾಲ್ಕು ಪೆನ್ನು, ಒಂದು ಕಡೆ ಪೆನ್ಸಿಲ್ಲು, ಒಂದು ಪುಟಕ್ಕೆ ನೀರು ಬಿದ್ದು ಉಬ್ಬಿತ್ತು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ತುಂಬ ಇದ್ದ ಸೊನ್ನೆಗಳು. ‘೦ ಬಂತು. ಪದ ತಪ್ಪು.’ ‘೦ ಬಂತು. ಬಹಳ ಉದ್ದ ಆಯಿತು.’ ‘೪೧೦೦ ಬಂತು. ಬಹಳ ಗಿಡ್ಡ ಆಯಿತು.’ ಸುಳ್ಳು ಬರೆಯುವವರು ತಾವು ಸೋತದ್ದನ್ನು ಇಷ್ಟೊಂದು ಬರೆದಿಡುವುದಿಲ್ಲ. ನನ್ನ ಅನುಮಾನ ಅಲ್ಲಿಗೆ ಕುಸಿಯಿತು.

ಅಷ್ಟಕ್ಕೇ ಮುಚ್ಚಿಬಿಡಬಹುದಿತ್ತು. ಕೈ ಸುಮ್ಮನಿರಲಿಲ್ಲ, ಇನ್ನೊಂದು ಪುಟ ತಿರುವಿತು. ಮೇಲ್ಗಡೆ ಬರೆದಿತ್ತು: ‘ಲೈಬ್ರರಿ ಸಾರ್ ಕೊಟ್ಟ ಐದು.’ ಒಂದೊಂದರ ಮುಂದೆಯೂ ‘ಬೇಡ’. ಎರಡು ನಮ್ಮ ರಾಜ್ಯದ್ದೇ ಅಲ್ಲ, ಒಂದು ಜಾಹೀರಾತಿನ ಥರ ಇದೆ, ಒಂದು ಬಹಳ ಹಳೆಯದು. ಉಳಿದ ಒಂದರ ಮುಂದೆ ಎಂಟು ಸಾಲಿತ್ತು. ಆ ಲೇಖನ ರಾಮನಗರದ ರೀಲಿಂಗ್ ಮನೆಗಳಲ್ಲಿ ನೂರಕ್ಕೆ ಇಷ್ಟು ಹೆಂಗಸರಿಗೆ ಉಬ್ಬಸ ಇದೆ ಎಂದು ಒಂದು ಅಂಕಿ ಕೊಟ್ಟಿತ್ತು. ಅವಳು ಆ ಅಂಕಿಯ ಬೆನ್ನು ಹತ್ತಿದ್ದಳು. ಆ ಲೇಖನ ಅದನ್ನು ಇನ್ನೊಂದು ಲೇಖನದಿಂದ ತೆಗೆದುಕೊಂಡಿತ್ತು. ಅದು ಒಂದು ವರದಿಯಿಂದ. ಆ ವರದಿಯನ್ನೂ ಹುಡುಕಿ ತೆಗೆದಿದ್ದಳು. ಅದು ಬೇರೆ ರಾಜ್ಯದ ಹತ್ತಿ ಗಿರಣಿಗಳದ್ದು. ಕೊನೆಯ ಸಾಲು ಕನ್ನಡದಲ್ಲಿ, ಸಣ್ಣ ಅಕ್ಷರದಲ್ಲಿ: ‘ನಮ್ಮ ಬೀದಿಗೆ ಯಾರೂ ಬಂದು ಕೇಳಿಲ್ಲ. ಮನೆಯಲ್ಲಿ ಅಮ್ಮೀನ ವಿಚಾರಿಸಿದೆ.’

ಆ ಲೇಖನ ಹನ್ನೊಂದೂ ಪ್ರಾಜೆಕ್ಟಿನ ಪಟ್ಟಿಯಲ್ಲಿತ್ತು. ಎಲ್ಲಕ್ಕೂ ನನ್ನ ಸಹಿ ಇತ್ತು.

“ಏನ್ರೀ ಅದು, ಆಗಲಿಂದ ಒಂದೇ ಪುಟ ನೋಡ್ತಿದ್ದೀರಿ?” ಎಂದರು ಎಚ್‌ಒಡಿ.

ರುಬೀನಾ ನನ್ನ ಮುಖ ನೋಡುತ್ತಿದ್ದಳು. ಯಾವ ಪುಟ ಎಂದು ಅವಳಿಗೆ ಗೊತ್ತಾಗಿತ್ತು. ಎರಡು ತಿಂಗಳ ಹಿಂದೆಯೇ ತಿಳಿದಿದ್ದರೂ ದೊಡ್ಡವರ ಮರ್ಯಾದೆ ಎಂದು ಬಾಯಿ ಬಿಟ್ಟಿರಲಿಲ್ಲ. ಪುಟ ತಿರುಗಿಸಿಬಿಡು ಎಂದು ಮನಸ್ಸು ಹೇಳಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹುಡುಗಿಯ ವರ್ಷವನ್ನೇ ಕಳೆಯಲು ಹೊರಟವನು ನಾನು. ಗಟ್ಟಿಯಾಗಿ ಓದಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ.

ಎಚ್‌ಒಡಿ ಕನ್ನಡಕ ತೆಗೆದು ಒರೆಸಿಕೊಂಡರು. “ಈ ಹುಡುಗಿಯದ್ದು ಇವತ್ತೇ ಕಳಿಸೋಣ. ಆ ಹನ್ನೊಂದು ಹೋಗಿ ವಾರ ಆಯ್ತು ಕಣ್ರೀ. ನೋಟ್‌ಬುಕ್ ಮುಚ್ಚಿ.”

“ತಪ್ಪು ನನ್ನದು ಅಂತ ಬರೆದುಕೊಡ್ತೀನಿ ಸಾರ್.”

“ಕೊಡಿ, ನೋಡೋಣ” ಅಂದರು. ಕೊಟ್ಟೆ. ಅದು ಇವತ್ತಿಗೂ ಅವರ ಡ್ರಾಯರಿನಲ್ಲೇ ಇರಬಹುದು ಎಂದು ನನ್ನ ಗುಮಾನಿ.

ಹೊರಗೆ ಮೋಡ ಕವಿದಿತ್ತು. ವರಾಂಡದಲ್ಲಿ ರುಬೀನಾ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಹತ್ತಿರ ಹೋಗಿ, “ತಪ್ಪಾಯ್ತಮ್ಮ, ನನ್ನ ಸ್ವಭಾವಾನೇ ಹಾಗೆ, ಎಲ್ಲರ ಮೇಲೂ ಅನುಮಾನ ಪಡ್ತೀನಿ” ಎಂದೆ. ಅದು ನಿಜ ಅಂತಲೇ ನಾನು ಅಷ್ಟು ವರ್ಷ ನಂಬಿದ್ದೆ.

“ಪರವಾಗಿಲ್ಲ ಸಾರ್,” ಎಂದಳು. ಎರಡು ಮೆಟ್ಟಿಲು ಇಳಿದವಳು ನಿಂತಳು. “ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಕೇಳಮ್ಮ.”

“ಹನ್ನೊಂದು ಜನದ್ದೂ ಒಂದೇ ಪಟ್ಟಿ ಇತ್ತಲ್ಲ ಸಾರ್. ಐದಕ್ಕೆ ಐದೂ ಅವೇ. ಅದರ ಮೇಲೆ ನಿಮಗೆ ಅನುಮಾನ ಬರ್ಲೇ ಇಲ್ವಾ?”

ಚುಚ್ಚುವುದಕ್ಕೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನನಗೆ ಉತ್ತರ ಗೊತ್ತಿತ್ತು. ಆ ಹನ್ನೊಂದು ಮಂದಿಯನ್ನು ನಾನು ಮನಸ್ಸಿನಲ್ಲಿ ‘ನಮ್ಮ ಹುಡುಗರು’ ಎಂದೇ ಕರೆಯುತ್ತಿದ್ದೆ. ಎಣಿಸುವಾಗ ಯಾವತ್ತೂ ಹನ್ನೆರಡು ಅಂದವನಲ್ಲ. ಅದನ್ನು ಆ ಹುಡುಗಿಯ ಮುಖ ನೋಡಿಕೊಂಡು ಹೇಳುವುದು ಹೇಗೆ?

“ಮಳೆ ಬರೋ ಹಾಗಿದೆ, ಬೇಗ ಮನೆ ಸೇರ್ಕೊಳ್ಳಮ್ಮ” ಎಂದೆ.

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ, ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಅನ್ನುವ ಹಾಗೆ ತಲೆಯಾಡಿಸಿ ಮೆಟ್ಟಿಲಿಳಿದು ಹೋದಳು.